ದತ್ತಿಯ ಕಟ್ಟಳೆ, ನೆರವಿನ ಅರ್ಹತೆ: ಥಾಣೆ ಪ್ರದೇಶದ ಪರಿಸರ ಯೋಜನೆಗಳ ಒಂದು ಚಾರಿತ್ರಿಕ ಅವಲೋಕನ

೧

ಪರಿಸರ ಸಂರಕ್ಷಣೆಗೆಂದು ಅಂತರರಾಷ್ಟ್ರೀಯ ಸಂಸ್ಥೆಗಳಿಂದ ಬರುವ ಧನಸಹಾಯವನ್ನು ಕುರಿತು ಅರ್ಥಶಾಸ್ತ್ರಜ್ಞರೂ ಆಡಳಿತ ತಜ್ಞರೂ ಸಾಕಷ್ಟು ಬರೆದಿದ್ದಾರೆ. ಆದರೆ ಆ ಸಹಾಯವನ್ನು ಪಡೆಯಲು ಯಾರು ಅರ್ಹರು, ಯಾವ ಕಾರ್ಯ ಅರ್ಹ, ಎಷ್ಟು ಕಾಲದವರೆಗೆ ಅರ್ಹ ಎಂದು ವಿಧಿಸುವ ನಿಯಮಾವಳಿಗಳನ್ನು ಕಚೇರಿಯ ಕಾಗದಪತ್ರಗಳೆಂದು ಭಾವಿಸಿ ಬದಿಗಿಡುವುದೇ ರೂಢಿಯಾಗಿದೆ. ಮಧ್ಯಕಾಲೀನ ಶಾಸನಗಳನ್ನೂ ಕಾವ್ಯಗಳನ್ನೂ ಓದುತ್ತ ಬಂದಿರುವ ನಮಗೆ ಈ ಉಪೇಕ್ಷೆ ಉಚಿತವೆನಿಸುವುದಿಲ್ಲ. ದಾನಶಾಸನವೊಂದನ್ನು ಕೈಗೆತ್ತಿಕೊಂಡಾಗ ನಾವು ಕೇಳುವ ಪ್ರಶ್ನೆಗಳು ಗೊತ್ತಾದವು: ದಾನಿ ಯಾರು, ಪ್ರತಿಗ್ರಹಿ ಯಾರು, ಕೊಟ್ಟ ವಸ್ತು ಯಾವುದು, ಅದರ ಎಲ್ಲೆಗಳು ಯಾವುವು, ಷರತ್ತುಗಳೇನು, ಸಾಕ್ಷಿಗಳು ಯಾರು, ಧರ್ಮವನ್ನು ಅಳಿದವನಿಗೆ ಯಾವ ಶಾಪ. ಇದೇ ಪ್ರಶ್ನೆಗಳನ್ನು ನಮ್ಮ ಕಾಲದ ಸಾಲಪತ್ರಗಳಿಗೂ ಅನುದಾನ ನಿಯಮಗಳಿಗೂ ಕೇಳಬಹುದೆ ಎಂಬುದು ಪ್ರಸ್ತುತ ಲೇಖನದ ವಿಚಾರ.

ಈ ವಿಚಾರಕ್ಕೆ ನಾವು ಆರಿಸಿಕೊಂಡಿರುವ ಕ್ಷೇತ್ರ ಮುಂಬಯಿಯ ಈಶಾನ್ಯ ಮತ್ತು ಪೂರ್ವ ದಿಕ್ಕಿಗೆ ಹಬ್ಬಿರುವ ಥಾಣೆ, ಕಲ್ಯಾಣ್, ಡೊಂಬಿವಲಿ ಹಾಗೂ ನವಿಮುಂಬಯಿ ನಗರಗಳು. ಅಲ್ಲಿನ ಸಣ್ಣ ಕೈಗಾರಿಕೆಗಳ ತ್ಯಾಜ್ಯಜಲವನ್ನು ಶುದ್ಧಿಗೊಳಿಸಲು ೧೯೯೦ರ ದಶಕದಿಂದೀಚೆಗೆ ರೂಪುಗೊಂಡ ಸಾಮಾನ್ಯ ಸಂಸ್ಕರಣ ಘಟಕಗಳು, ಅಂದರೆ ವ್ಯವಹಾರದಲ್ಲಿ ಸಿಇಟಿಪಿ ಎಂದೇ ಕರೆಯಿಸಿಕೊಳ್ಳುವ ಸ್ಥಾವರಗಳು, ನಮ್ಮ ಮುಖ್ಯ ನಿದರ್ಶನ. ಅರ್ಹತೆಯ ನಿಯಮವು ಕಟ್ಟುವ ಕ್ಷಣವನ್ನು ಮಾತ್ರ ನೋಡಿ, ಕಾಪಾಡುವ ಕಾಲವನ್ನು ನೋಡದೆ ಹೋದಾಗ ಏನಾಗುತ್ತದೆ ಎಂಬುದನ್ನು ಈ ನಿದರ್ಶನ ಸ್ಪಷ್ಟಪಡಿಸುತ್ತದೆ ಎಂಬುದು ನಮ್ಮ ಪ್ರತಿಪಾದನೆ.

ಈ ಪ್ರದೇಶ ಕನ್ನಡ ಅಧ್ಯಯನಕ್ಕೆ ಹೊರಗಿನದಲ್ಲ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘವಿದೆ, ಅದು ನಡೆಸುವ ಮಂಜುನಾಥ ವಿದ್ಯಾಲಯವಿದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳಿಂದಲೂ ಉತ್ತರ ಕರ್ನಾಟಕದಿಂದಲೂ ಬಂದ ಕುಟುಂಬಗಳು ಈ ಉಪನಗರಗಳಲ್ಲಿ ತಲೆಮಾರುಗಳಿಂದ ನೆಲೆಸಿವೆ. ರಾಸಾಯನಿಕ ಉದ್ಯಮದ ಒಳಗಿನ ಬದುಕನ್ನು ಕನ್ನಡಕ್ಕೆ ತಂದ ಯಶವಂತ ಚಿತ್ತಾಲರ ‘ಶಿಕಾರಿ’ (೧೯೭೯) ಮುಂಬಯಿಯಲ್ಲಿಯೇ ಹುಟ್ಟಿದ ಕೃತಿ. ಚಿತ್ತಾಲರು ವೃತ್ತಿಯಿಂದ ಪಾಲಿಮರ್ ತಂತ್ರಜ್ಞರಾಗಿದ್ದರು. ಕೈಗಾರಿಕೆ, ಕಾರ್ಮಿಕ ಹಾಗೂ ನಗರ ಎಂಬ ವಸ್ತುಗಳು ಮುಂಬಯಿ ಕನ್ನಡ ಸಾಹಿತ್ಯಕ್ಕೆ ಸಹಜವಾಗಿದ್ದರೂ ಆ ಕೈಗಾರಿಕೆಗಳ ನೀರು ಎಲ್ಲಿಗೆ ಹೋಯಿತೆಂಬ ಚರಿತ್ರೆ ಕನ್ನಡದಲ್ಲಿ ವಿರಳವಾಗಿಯೇ ಉಳಿದಿದೆ.

೨

ಥಾಣೆಯ ಪ್ರಾಚೀನ ನಾಮ ಸ್ಥಾನಕ. ಇದು ಉತ್ತರ ಕೊಂಕಣದ ಶಿಲಾಹಾರರ ಮುಖ್ಯ ಪಟ್ಟಣಗಳಲ್ಲಿ ಒಂದಾಗಿತ್ತು. ತಗರಪುರದ, ಅಂದರೆ ಇಂದಿನ ತೇರ್ ಊರಿನ ಒಡೆತನವನ್ನು ತಮ್ಮ ಬಿರುದುಗಳಲ್ಲಿ ಹೇಳಿಕೊಳ್ಳುವ ಈ ವಂಶದ ಅರಸರ ತಾಮ್ರಪಟಗಳಲ್ಲಿ ಸಂಸ್ಕೃತದ ನಡುವೆ ಕನ್ನಡ ಬಿರುದುಗಳೂ ಕಾಣಿಸಿಕೊಳ್ಳುತ್ತವೆ. ಮೊದಲಿಗೆ ಅವರು ರಾಷ್ಟ್ರಕೂಟರ ಸಾಮಂತರಾಗಿದ್ದರು. ಅಂಬರನಾಥದ ಶಿವಾಲಯದಲ್ಲಿ ದೊರೆತ ಶಕ ೯೮೨ರ, ಅಂದರೆ ಕ್ರಿ.ಶ. ೧೦೬೦ರ ಶಾಸನ ಇದೇ ವಂಶದ ಮುಮ್ಮುಣಿಯ ಕಾಲದ್ದು. ಕಲ್ಯಾಣ್ ಇನ್ನೂ ಹಳೆಯದು. ಇದು ಚಾಳುಕ್ಯರ ಹಾಗೂ ಶರಣರ ಕಲ್ಯಾಣವಲ್ಲ, ಉಲ್ಲಾಸ್ ನದಿಯ ದಡದ ಬಂದರು ಪಟ್ಟಣ. ಸಾತವಾಹನರ ಕಾಲದ ಕಾನ್ಹೇರಿ ಗುಹಾಶಾಸನಗಳಲ್ಲಿ ಈ ಕಲ್ಯಾಣದ ವರ್ತಕರು ದಾನಿಗಳಾಗಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ.

ಕಾನ್ಹೇರಿ, ಅಂದರೆ ಶಾಸನಗಳ ಕೃಷ್ಣಗಿರಿ, ಥಾಣೆಯ ಪಶ್ಚಿಮಕ್ಕಿರುವ ಬೆಟ್ಟಸಾಲಿನಲ್ಲಿದೆ. ಅಲ್ಲಿನ ಒಂದು ಶಾಸನ ನಮ್ಮ ವಿಚಾರಕ್ಕೆ ನೇರವಾಗಿ ಸಂಬಂಧಿಸಿದ್ದು. ಶಕ ೭೭೫ರಲ್ಲಿ, ಅಂದರೆ ಕವಿರಾಜಮಾರ್ಗದ ಅಮೋಘವರ್ಷನ ಆಳ್ವಿಕೆಯಲ್ಲಿ, ಶಿಲಾಹಾರ ಇಮ್ಮಡಿ ಕಪರ್ದಿ ಕೊಂಕಣವನ್ನಾಳುತ್ತಿದ್ದಾಗ, ಗೌಡದೇಶದಿಂದ ಬಂದ ಅವಿಘ್ನಾಕರನೆಂಬ ಬೌದ್ಧ ಉಪಾಸಕನು ಭಿಕ್ಷುಗಳ ಧ್ಯಾನಕ್ಕೆ ಯೋಗ್ಯವಾದ ಗೃಹವನ್ನು ಮಾಡಿಸಿ, ಅವರ ವಸ್ತ್ರಗಳಿಗಾಗಿ ನೂರು ದ್ರಮ್ಮಗಳನ್ನು ಅಕ್ಷಯನೀವಿಯಾಗಿ ಇಟ್ಟನು. ಮೂಲಧನವನ್ನು ಕರಗಿಸದೆ ಅದರ ಬಡ್ಡಿಯಿಂದ ಮಾತ್ರ ವೆಚ್ಚ ನಡೆಸತಕ್ಕದ್ದು ಎಂಬುದೇ ಅಕ್ಷಯನೀವಿಯ ಅರ್ಥ. ದಾನಿ ಬಹು ದೂರದವನು. ವಂಗದೇಶದ ಹಣ ಪಶ್ಚಿಮ ಕರಾವಳಿಗೆ ಬಂದಿತು. ಆದರೂ ಅವನು ಕಟ್ಟಡವನ್ನು ಒಪ್ಪಿಸಿ ಹೊರಟುಹೋಗಲಿಲ್ಲ. ಕಟ್ಟಡದಲ್ಲಿ ವಾಸಿಸುವವರ ನಿರಂತರ ಅಗತ್ಯಕ್ಕೂ ಅದೇ ಪತ್ರದಲ್ಲಿ ವ್ಯವಸ್ಥೆ ಮಾಡಿದನು. ಇದಕ್ಕಿಂತ ಹತ್ತು ವರ್ಷ ಹಿಂದಿನ, ಪುಲ್ಲಶಕ್ತಿಯ ಕಾಲದ ಶಾಸನವೊಂದರಲ್ಲಿಯೂ ದುರಸ್ತಿ, ಭಿಕ್ಷುಗಳ ವಸ್ತ್ರ ಮತ್ತು ಗ್ರಂಥ ಇವುಗಳಿಗೆ ಹಣ ಇಟ್ಟ ಉಲ್ಲೇಖವಿದೆ. ದುರಸ್ತಿಯೂ ದಾನಕ್ಕೆ ಅರ್ಹವಾದ ವಸ್ತುವಾಗಿತ್ತು ಎಂಬುದು ಇಲ್ಲಿ ಗಮನಾರ್ಹ.

ಜಲಕಾರ್ಯಗಳಿಗೆ ಬಂದರೆ ಕನ್ನಡ ಶಾಸನಗಳ ಪರಿಭಾಷೆಯೇ ಈ ಮಾತನ್ನು ದೃಢಪಡಿಸುತ್ತದೆ. ಕೆರೆಯ ನಿರ್ವಹಣೆಗೆಂದು ಬಿಟ್ಟ ಬಿತ್ತುವಟ್ಟ, ಕೆರೆ ಕಟ್ಟಿಸಿದವನಿಗೂ ಕಾಯುವವನಿಗೂ ದೊರೆಯುತ್ತಿದ್ದ ದಶವಂದ ಮತ್ತು ಕಟ್ಟುಗೊಡಗೆ, ಇವೆಲ್ಲ ಹೂಳು ತೆಗೆಯುವ, ಏರಿಗೆ ಮಣ್ಣು ಹಾಕುವ ಕೆಲಸಗಳಿಗೆ ಆದಾಯದ ಮೂಲವನ್ನು ಕಟ್ಟಿಕೊಟ್ಟ ಪದ್ಧತಿಗಳು. ಕೆರೆಯ ಕೆಳಗಿನ ಗದ್ದೆಯ ಬೆಳೆ ಕೆರೆಯನ್ನೇ ಅವಲಂಬಿಸಿದ್ದರಿಂದ, ಕೆರೆ ಒಡೆದರೆ ಕಾಯುವವನ ಕೊಡಗೆಯೂ ಒಣಗುತ್ತಿತ್ತು.

ಅರ್ಹತೆಯ ಪಟ್ಟಿಯನ್ನೇ ನೇರವಾಗಿ ಕೊಡುವ ಶಾಸನವೂ ಒಂದುಂಟು. ವಿಜಯನಗರದ ಬುಕ್ಕನ ಮಗ ಭಾಸ್ಕರ ಭವದೂರನು ಇಂದಿನ ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ೧೩೬೯ರ ಸಂಸ್ಕೃತ ಶಾಸನ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಬಿಡಬೇಕಾದ ಆರು ದೋಷಗಳನ್ನೂ ಎಣಿಸುತ್ತದೆ. ಧರ್ಮಿಷ್ಠನೂ ಧನವಂತನೂ ಆದ ಅರಸ, ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣ, ಗಟ್ಟಿ ನೆಲ, ಸಿಹಿನೀರಿನ ನದಿ ಇತ್ಯಾದಿಗಳು ಸಾಧನಗಳು. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ನೀರಿಗೂ ನೆಲಕ್ಕೂ ಪ್ರಮಾಣ ತಪ್ಪುವುದು ಮುಂತಾದವು ದೋಷಗಳು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದನ್ನೂ ಅದು ದೋಷವೆಂದೇ ಎಣಿಸುತ್ತದೆ. ಇಬ್ಬರ ಎಲ್ಲೆಗೆ ಸೇರಿದ ನೀರಿನ ಹೊಣೆ ಯಾರದೂ ಆಗದೆ ಉಳಿಯಬಹುದೆಂಬ ಅನುಭವ ಇದರ ಹಿಂದಿರಬೇಕು. ಮುಂದೆ ನೋಡಲಿರುವ ನದಿಗಳ ವಿಷಯದಲ್ಲಿ ಈ ಅಂಶ ಮತ್ತೆ ನಮ್ಮೆದುರು ಬರುತ್ತದೆ.

೩

ಈಗ ಅದೇ ಪ್ರದೇಶದ ಇಪ್ಪತ್ತನೆಯ ಶತಮಾನಕ್ಕೆ ಬರೋಣ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, ೧೯೬೨ರಲ್ಲಿ ಸ್ಥಾಪನೆಯಾಯಿತು. ಥಾಣೆಯ ವಾಗ್ಳೆ ಎಸ್ಟೇಟ್ ಅದರ ಆದ್ಯ ಕೈಗಾರಿಕಾ ವಸಾಹತು. ೧೯೬೪ರಲ್ಲಿ ಡೊಂಬಿವಲಿ ವಸಾಹತು ರೂಪುಗೊಂಡಿತು. ಥಾಣೆ ಮತ್ತು ಬೇಲಾಪುರದ ನಡುವಿನ ಉದ್ದನೆಯ ಪಟ್ಟಿಯಲ್ಲಿ ರಾಸಾಯನಿಕ, ಔಷಧಿ, ಬಣ್ಣ, ಜವಳಿ ಸಂಸ್ಕರಣೆಯ ಕಾರ್ಖಾನೆಗಳು ಸಾಲುಗಟ್ಟಿದವು. ೧೯೭೦ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆ ಅದೇ ಪಟ್ಟಿಯನ್ನು ಒಳಗೊಂಡಂತೆ ನವಿಮುಂಬಯಿಯನ್ನು ಕಟ್ಟಿತು. ಕೈಗಾರಿಕೆ ಮೊದಲು ಬಂದಿತು, ಮನೆಗಳು ಅದರ ಸುತ್ತ ಬೆಳೆದವು. ಥಾಣೆ ಮಹಾನಗರಪಾಲಿಕೆ ೧೯೮೨ರಲ್ಲಿ, ಕಲ್ಯಾಣ್-ಡೊಂಬಿವಲಿಯದು ೧೯೮೩ರಲ್ಲಿ, ನವಿಮುಂಬಯಿಯದು ೧೯೯೨ರಲ್ಲಿ ಅಸ್ತಿತ್ವಕ್ಕೆ ಬಂದವು. ಕೈಗಾರಿಕಾ ವಸಾಹತಿನ ಆಡಳಿತ ಎಂಐಡಿಸಿಯದು, ವಸತಿಯದು ಪಾಲಿಕೆಯದು, ತ್ಯಾಜ್ಯದ ಪ್ರಮಾಣ ನಿಗದಿಪಡಿಸುವುದು ಮಾಲಿನ್ಯ ನಿಯಂತ್ರಣ ಮಂಡಳಿಯದು. ನದಿಯಾದರೋ ಇವೆಲ್ಲವುಗಳ ನಡುವೆ ಹರಿಯುತ್ತಿತ್ತು.

೧೯೭೪ರ ಜಲಮಾಲಿನ್ಯ ಕಾಯಿದೆ ಎಲ್ಲ ಕಾರ್ಖಾನೆಗಳಿಗೂ ಮಂಡಳಿಯ ಸಮ್ಮತಿಪತ್ರವನ್ನು ಕಡ್ಡಾಯಗೊಳಿಸಿತು. ದೊಡ್ಡ ಕಾರ್ಖಾನೆ ತನ್ನದೇ ಶುದ್ಧೀಕರಣ ಸ್ಥಾವರವನ್ನು ಕಟ್ಟಿಕೊಳ್ಳಬಹುದು. ಒಂದು ಸಣ್ಣ ಘಟಕಕ್ಕೆ ಅದಕ್ಕೆ ಬೇಕಾದ ಜಾಗವಿಲ್ಲ, ತಜ್ಞರಿಲ್ಲ, ಬಂಡವಾಳವಿಲ್ಲ. ಈ ತೊಡಕಿಗೆ ಪರಿಹಾರವಾಗಿ ಸಾಮಾನ್ಯ ಸಂಸ್ಕರಣ ಘಟಕದ ಕಲ್ಪನೆ ಬಂದಿತು. ಪ್ರತಿ ಸದಸ್ಯ ಘಟಕವೂ ತನ್ನ ತ್ಯಾಜ್ಯಜಲಕ್ಕೆ ಪ್ರಾಥಮಿಕ ಸಂಸ್ಕಾರ ಮಾಡಿ ಕೊಳವೆಯ ಮೂಲಕವೋ ಟ್ಯಾಂಕರಿನ ಮೂಲಕವೋ ಸ್ಥಾವರಕ್ಕೆ ಕಳಿಸಬೇಕು. ಅಲ್ಲಿ ಆಮ್ಲಕ್ಷಾರಗಳನ್ನು ಸಮಗೊಳಿಸಿ, ಗಾಳಿಯೂಡಿದ ತೊಟ್ಟಿಗಳಲ್ಲಿ ಸೂಕ್ಷ್ಮಜೀವಿಗಳಿಂದ ಕಲ್ಮಷವನ್ನು ಜೀರ್ಣಿಸಿ, ಗಸಿಯನ್ನು ಬೇರ್ಪಡಿಸಿ, ನೀರನ್ನು ಖಾಡಿಗೆ, ಅಂದರೆ ಕಡಲ ಒಳಚಾಚಿಗೆ ಬಿಡಲಾಗುವುದು. ಒಬ್ಬ ಸದಸ್ಯ ಮಿತಿಮೀರಿದ ವಿಷವನ್ನು ಕಳಿಸಿದರೂ ಸೂಕ್ಷ್ಮಜೀವಿಗಳು ಸತ್ತು ಎಲ್ಲರ ನೀರೂ ಅಶುದ್ಧವಾಗಿಯೇ ಹೊರಬೀಳುತ್ತದೆ. ಆದುದರಿಂದ ಈ ವ್ಯವಸ್ಥೆಯ ಜೀವಾಳ ಯಂತ್ರದಲ್ಲಿಲ್ಲ, ಸದಸ್ಯರ ಪರಸ್ಪರ ಶಿಸ್ತಿನಲ್ಲಿದೆ.

ಈ ಸ್ಥಾವರಗಳಿಗೆ ಹಣ ಎಲ್ಲಿಂದ ಬರಬೇಕು? ೧೯೯೧ರಲ್ಲಿ ವಿಶ್ವಬ್ಯಾಂಕ್ ಭಾರತದ ಕೈಗಾರಿಕಾ ಮಾಲಿನ್ಯ ನಿಯಂತ್ರಣ ಯೋಜನೆಗೆ ಸುಮಾರು ೧೫.೫ ಕೋಟಿ ಡಾಲರುಗಳ ನೆರವನ್ನು ಒಪ್ಪಿತು. ೧೯೯೪ರಲ್ಲಿ ಮಾಲಿನ್ಯ ತಡೆ ಯೋಜನೆಗೆ ಸುಮಾರು ೧೬.೮ ಕೋಟಿ ಡಾಲರುಗಳ ಇನ್ನೊಂದು ನೆರವು ಬಂದಿತು. ಮೊದಲನೆಯದರ ಹಣ ಐಡಿಬಿಐ ಮತ್ತು ಐಸಿಐಸಿಐ ಎಂಬ ಹಣಕಾಸು ಸಂಸ್ಥೆಗಳ ಮೂಲಕ ಉದ್ಯಮಗಳಿಗೆ ಸಾಲವಾಗಿ ಹರಿಯಬೇಕಾಗಿತ್ತು. ಇದರೊಡನೆ ಹೆಣೆದುಕೊಂಡಿದ್ದ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಸಾಮಾನ್ಯ ಸ್ಥಾವರದ ಬಂಡವಾಳವನ್ನು ಹೀಗೆ ವಿಭಾಗಿಸಲಾಗಿತ್ತು: ಕೇಂದ್ರದ ಸಹಾಯಧನ ಶೇ. ೨೫, ರಾಜ್ಯದ ಸಹಾಯಧನ ಶೇ. ೨೫, ಹಣಕಾಸು ಸಂಸ್ಥೆಗಳ ಸಾಲ ಶೇ. ೩೦, ಉದ್ಯಮಿಗಳ ಸ್ವಂತ ಪಾಲು ಶೇ. ೨೦. ಡೊಂಬಿವಲಿ, ಥಾಣೆ-ಬೇಲಾಪುರ, ಅಂಬರನಾಥ, ಬದಲಾಪುರಗಳ ಸ್ಥಾವರಗಳು ಈ ಚಿಂತನೆಯ ಕಾಲದಲ್ಲಿಯೂ ಅದರ ನಂತರದ ವರ್ಷಗಳಲ್ಲಿಯೂ ರೂಪುಗೊಂಡವು. ೨೦೧೨ರಲ್ಲಿ ಪರಿಷ್ಕೃತವಾದ ನಿಯಮಗಳು ಕೇಂದ್ರದ ಪಾಲನ್ನು ಶೇ. ೫೦ಕ್ಕೆ ಏರಿಸಿ, ರಾಜ್ಯಕ್ಕೆ ಶೇ. ೨೫, ಉದ್ಯಮಿಗಳಿಗೆ ಶೇ. ೨೫ ಎಂದು ನಿಗದಿಪಡಿಸಿದವು.

೪

ಈ ನಿಯಮಗಳನ್ನು ದಾನಶಾಸನದ ಕ್ರಮದಲ್ಲಿ ಓದಿದಾಗ ಕೆಲವು ಸಂಗತಿಗಳು ಹೊಳೆಯುತ್ತವೆ.

ಮೊದಲನೆಯದಾಗಿ, ಪ್ರತಿಗ್ರಹಿ. ಒಂಟಿ ಸಣ್ಣ ಉದ್ಯಮಿ ಇಲ್ಲಿ ಅರ್ಹನಲ್ಲ. ಸಣ್ಣ ಘಟಕಗಳ ಸಮೂಹ ಒಂದು ಕಂಪನಿಯಾಗಿಯೋ ಸಹಕಾರ ಸಂಘವಾಗಿಯೋ ನೋಂದಣಿಯಾದಾಗ ಮಾತ್ರ ಅರ್ಹ. ಇದು ಸಾರ್ಥಕವಾದ ನಿಯಮವೇ ಸರಿ. ಪರಸ್ಪರ ಪೈಪೋಟಿಯಲ್ಲಿದ್ದ ಉದ್ಯಮಿಗಳನ್ನು ಒಂದು ಹೊಣೆಗಾರಿಕೆಯೊಳಗೆ ತಂದಿತು. ಶಾಸನಗಳ ಕಾಲದ ಮಹಾಜನರೂ ನಗರದ ವರ್ತಕ ಸಮೂಹಗಳೂ ದತ್ತಿಯ ಹೊಣೆ ಹೊತ್ತ ರೀತಿಯನ್ನು ಇದು ನೆನಪಿಸುತ್ತದೆ. ಆದರೆ ನೀರನ್ನು ಬಳಸುವವರು, ಅಂದರೆ ಉಲ್ಲಾಸ್, ವಾಲ್ಧುನಿ ನದಿಗಳ ಕೆಳಹರಿವಿನ ನಿವಾಸಿಗಳು ಹಾಗೂ ಖಾಡಿಯ ಮೀನುಗಾರರು ಈ ಸಮೂಹದ ಸದಸ್ಯರಾಗಲಾರರು. ಅವರು ಪ್ರತಿಗ್ರಹಿಗಳಲ್ಲ, ಸಾಕ್ಷಿಗಳೂ ಅಲ್ಲ.

ಎರಡನೆಯದಾಗಿ, ವಸ್ತು. ನೆರವಿಗೆ ಅರ್ಹವಾದದ್ದು ಬಂಡವಾಳ ವೆಚ್ಚ. ವಿದ್ಯುತ್ತು, ರಾಸಾಯನಿಕ, ಗಸಿ ವಿಲೇವಾರಿ, ದುರಸ್ತಿ ಇವು ಸದಸ್ಯರ ಶುಲ್ಕದಿಂದಲೇ ನಡೆಯಬೇಕು. ಕಟ್ಟುವಾಗ ನೂರಕ್ಕೆ ಎಂಬತ್ತು ಪಾಲು ಹೊರಗಿನಿಂದ ಬರುತ್ತದೆ. ನಡೆಸುವಾಗ ನೂರಕ್ಕೆ ನೂರೂ ಒಳಗಿನಿಂದ ಹುಟ್ಟಬೇಕು. ಶುಲ್ಕವು ಕಳಿಸಿದ ನೀರಿನ ಪ್ರಮಾಣಕ್ಕೂ ಅದರ ಕಲ್ಮಷಕ್ಕೂ ತಕ್ಕಂತೆ ಏರುವುದಾದರೆ, ಪ್ರಾಮಾಣಿಕನು ಹೆಚ್ಚು ತೆರುತ್ತಾನೆ, ರಾತ್ರಿಯ ಹೊತ್ತು ನಾಲೆಗೆ ಹರಿಯಬಿಡುವವನು ಏನೂ ತೆರುವುದಿಲ್ಲ. ೨೦೧೪ರಲ್ಲಿ ಟ್ಯಾಂಕರೊಂದರಿಂದ ವಾಲ್ಧುನಿಗೆ ಸುರಿದ ರಾಸಾಯನಿಕದ ಅನಿಲ ಹಬ್ಬಿ ಉಲ್ಲಾಸನಗರದ ನೂರಾರು ಜನ ಆಸ್ಪತ್ರೆ ಸೇರಬೇಕಾಯಿತು. ಬಿತ್ತುವಟ್ಟದಲ್ಲಿ ಕಾಯುವವನ ಹಿತ ಕೆರೆಯ ಹಿತದೊಡನೆ ಕಟ್ಟಿಹಾಕಲ್ಪಟ್ಟಿತ್ತು. ಇಲ್ಲಿ ಅವೆರಡೂ ವಿರುದ್ಧ ದಿಕ್ಕಿಗೆ ಎಳೆಯುವಂತಾಯಿತು.

ಮೂರನೆಯದಾಗಿ, ಎಲ್ಲೆ. ಯೋಜನೆಯ ಎಲ್ಲೆಯೊಳಗೆ ಬಂದದ್ದು ಕಾರ್ಖಾನೆಯ ನೀರು. ಕಾರ್ಖಾನೆಯ ಗಾಳಿ, ದಾಸ್ತಾನು, ಅದಕ್ಕೂ ಮನೆಗಳಿಗೂ ನಡುವಣ ಅಂತರ, ಇವು ಎಲ್ಲೆಯ ಹೊರಗೆ ಉಳಿದವು. ಡೊಂಬಿವಲಿಯಲ್ಲಿ ೨೦೧೪ರ ಜನವರಿಯಲ್ಲಿ ಹಸಿರು ಬಣ್ಣದ ಮಳೆ ಬಿದ್ದದ್ದು, ೨೦೨೦ರ ಫೆಬ್ರವರಿಯಲ್ಲಿ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದು ವರ್ತಮಾನಪತ್ರಗಳ ಸುದ್ದಿಯಾದವು. ೨೦೧೬ರ ಮೇ ೨೬ರಂದೂ ೨೦೨೪ರ ಮೇ ೨೩ರಂದೂ ಅಲ್ಲಿನ ಕೈಗಾರಿಕಾ ವಸಾಹತಿನಲ್ಲಿ ಸಂಭವಿಸಿದ ಸ್ಫೋಟಗಳಲ್ಲಿ ಪ್ರತಿ ಸಲವೂ ಹತ್ತಕ್ಕಿಂತ ಹೆಚ್ಚು ಜನ ಸತ್ತರು. ಸುತ್ತಲಿನ ವಸತಿಗಳ ಕಿಟಕಿ ಬಾಗಿಲುಗಳು ಒಡೆದವು. ಇವೆಲ್ಲವೂ ತ್ಯಾಜ್ಯಜಲ ಘಟಕದ ವೈಫಲ್ಯವೆಂದು ನಾವು ಹೇಳುತ್ತಿಲ್ಲ. ನೆರವಿನ ನಿಯಮವು ಅಪಾಯದ ಯಾವ ಭಾಗವನ್ನು ಕಾಣಲು ಒಪ್ಪಿತು, ಯಾವ ಭಾಗವನ್ನು ಎಲ್ಲೆಯಾಚೆ ಬಿಟ್ಟಿತು ಎಂಬುದಷ್ಟೇ ಇಲ್ಲಿನ ಮಾತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ೨೦೦೯ರಲ್ಲಿ ದೇಶದ ೮೮ ಕೈಗಾರಿಕಾ ಪ್ರದೇಶಗಳಿಗೆ ಸಮಗ್ರ ಮಾಲಿನ್ಯ ಸೂಚ್ಯಂಕವನ್ನು ನೀಡಿದಾಗ ೪೩ ಪ್ರದೇಶಗಳು ೭೦ರ ಮಿತಿಯನ್ನು ದಾಟಿದ್ದವು. ಡೊಂಬಿವಲಿಯ ಅಂಕ ೭೮.೪೧, ನವಿಮುಂಬಯಿಯದು ೭೩.೭೭. ಕರ್ನಾಟಕದ ಮಂಗಳೂರು ಮತ್ತು ಭದ್ರಾವತಿಗಳೂ ಅದೇ ಪಟ್ಟಿಯಲ್ಲಿದ್ದವು. ೨೦೧೦ರ ಜನವರಿಯಲ್ಲಿ ಈ ಪ್ರದೇಶಗಳ ಹೊಸ ಯೋಜನೆಗಳಿಗೆ ಪರಿಸರ ಅನುಮತಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಯಿತು.

ನಾಲ್ಕನೆಯದಾಗಿ, ಶಾಪಾಶಯ. ಶಾಸನದ ಶಾಪವು ಅರಸನಿಂದ ಹಿಡಿದು ಮುಂದೆ ಹುಟ್ಟುವವನವರೆಗೆ ಎಲ್ಲರಿಗೂ ಅನ್ವಯಿಸುತ್ತಿತ್ತು, ಅದಕ್ಕೆ ಕಾಲದ ಮಿತಿ ಇರಲಿಲ್ಲ. ಆಧುನಿಕ ನೆರವಿನಲ್ಲಿ ಇದಕ್ಕೆ ಸಂವಾದಿಯಾದದ್ದು ದೂರು ಕೊಡುವ ಹಕ್ಕು. ನರ್ಮದಾ ಯೋಜನೆಯ ವಿವಾದದ ಬೆನ್ನಲ್ಲೇ, ೧೯೯೩ರಲ್ಲಿ ವಿಶ್ವಬ್ಯಾಂಕ್ ತನ್ನ ಪರಿಶೀಲನಾ ಮಂಡಲಿಯನ್ನು ಸ್ಥಾಪಿಸಿತು. ಯೋಜನೆಯಿಂದ ಹಾನಿಗೊಳಗಾದ ಇಬ್ಬರು ಅಥವಾ ಹೆಚ್ಚು ಜನ ಒಟ್ಟಾಗಿ ದೂರಬಹುದೆಂದು ಒಪ್ಪಿದ್ದು ದೊಡ್ಡ ಹೆಜ್ಜೆಯೇ. ಆದರೆ ಸಾಲದ ಅವಧಿ ಮುಗಿದ ಮೇಲೆ, ಅಥವಾ ಶೇ. ೯೫ರಷ್ಟು ಹಣ ಬಿಡುಗಡೆಯಾದ ಮೇಲೆ ದೂರಿಗೆ ಅರ್ಹತೆಯಿಲ್ಲವೆಂಬ ನಿಯಮವೂ ಅದರೊಡನೆಯೇ ಬಂದಿತು. ೨೦೨೦ರಲ್ಲಿ ಈ ಕಾಲಮಿತಿಯನ್ನು ಯೋಜನೆ ಮುಕ್ತಾಯವಾದ ೧೫ ತಿಂಗಳವರೆಗೆ ವಿಸ್ತರಿಸಲಾಯಿತು. ಸ್ಥಾವರದ ತೊಟ್ಟಿ ಸೋರುವುದು, ಸದಸ್ಯರು ಶುಲ್ಕ ತೆರದಿರುವುದು, ನದಿ ಬಣ್ಣಗೆಡುವುದು ಕಟ್ಟಿದ ಹತ್ತು ಹದಿನೈದು ವರ್ಷಗಳ ಮೇಲೆ. ಹಾನಿ ಪಕ್ವವಾಗುವ ಹೊತ್ತಿಗೆ ದೂರುವ ಅರ್ಹತೆ ಮುಗಿದಿರುತ್ತದೆ.

ಹೀಗಾಗಿ ಈ ಪ್ರದೇಶದ ದೂರು ಹಣ ಕೊಟ್ಟವರ ಬಾಗಿಲಿಗೆ ಹೋಗದೆ ದೇಶದ ನ್ಯಾಯಪೀಠಗಳಿಗೆ ಹೋಯಿತು. ಉಲ್ಲಾಸ್ ಮತ್ತು ವಾಲ್ಧುನಿ ನದಿಗಳ ಮಾಲಿನ್ಯ ಕುರಿತು ವನಶಕ್ತಿ ಸಂಸ್ಥೆ ೨೦೧೩ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪುಣೆ ಪೀಠಕ್ಕೆ ಅರ್ಜಿ ಸಲ್ಲಿಸಿತು. ೨೦೧೫ರ ಜುಲೈ ತೀರ್ಪಿನಲ್ಲಿ ಪೀಠವು ಸಂಸ್ಕರಣ ಘಟಕಗಳನ್ನೂ ಸ್ಥಳೀಯ ಸಂಸ್ಥೆಗಳನ್ನೂ ಹೊಣೆ ಮಾಡಿ ಭಾರಿ ದಂಡ ವಿಧಿಸಿತು. ಪ್ರಕರಣ ಮುಂದೆ ಸರ್ವೋಚ್ಚ ನ್ಯಾಯಾಲಯದವರೆಗೂ ನಡೆಯಿತು. ನದಿ ಅನೇಕ 'ರಾಜ್ಯ'ಗಳ ಎಲ್ಲೆಯಲ್ಲಿ ಹರಿಯುವುದರಿಂದ ಯಾರ ಪಾಲು ಎಷ್ಟು ಎಂಬ ಪ್ರಶ್ನೆಯೇ ಈ ವ್ಯಾಜ್ಯದ ಕೇಂದ್ರವಾಗಿತ್ತು. ಪೋರುಮಾಮಿಳ್ಳದ ಶಾಸನಕಾರನು ಎಣಿಸಿದ ದೋಷ ಇದಕ್ಕಿಂತ ಬೇರೆಯಲ್ಲ. ದೇಶದ ಎಲ್ಲ ಘಟಕಗಳಿಗೂ ಸಂಬಂಧಿಸಿದ, ೨೦೧೭ರ ಫೆಬ್ರವರಿ ೨೨ರ ಇನ್ನೊಂದು ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಥಾವರಗಳನ್ನು ಕಟ್ಟಲು ಮಾತ್ರವಲ್ಲದೆ ನಡೆಸಲು ಬೇಕಾದ ಹಣವನ್ನು ಹೊಂದಿಸುವ ನಿಯಮಗಳನ್ನೂ ಗೊತ್ತುಪಡಿಸಬೇಕೆಂದು ಆದೇಶಿಸಿತು. ೧೯೯೧ರ ಚೌಕಟ್ಟಿನಲ್ಲಿ ಬಿಟ್ಟುಹೋಗಿದ್ದ ಪ್ರಶ್ನೆ ಇಪ್ಪತ್ತಾರು ವರ್ಷಗಳ ಮೇಲೆ ನ್ಯಾಯಾಲಯದ ಮೂಲಕ ಮರಳಿ ಬಂದಿತು.

೫

ಈ ಕಾಲಾವಧಿಯಲ್ಲಿ ಅಂತರರಾಷ್ಟ್ರೀಯ ನೆರವಿನ ಬಾಗಿಲುಗಳು ಹೆಚ್ಚಿವೆ, ಅವುಗಳ ಹೊಸ್ತಿಲುಗಳೂ ಎತ್ತರವಾಗಿವೆ. ಓಜೋನ್ ಪದರದ ರಕ್ಷಣೆಗಾಗಿ ೧೯೯೦ರಲ್ಲಿ ಸ್ಥಾಪಿತವಾದ ಬಹುಪಕ್ಷೀಯ ನಿಧಿಯ ನೆರವಿಗೆ, ತಲಾ ಬಳಕೆ ವರ್ಷಕ್ಕೆ ೦.೩ ಕಿಲೋಗ್ರಾಮಿಗಿಂತ ಕಡಿಮೆಯಿದ್ದ ಅಭಿವೃದ್ಧಿಶೀಲ ರಾಷ್ಟ್ರಗಳು ಮಾತ್ರ ಅರ್ಹ; ಆ ರಾಷ್ಟ್ರಗಳಲ್ಲಿಯೂ ೧೯೯೫ರ ಜುಲೈ ೨೫ರ ನಂತರ ಸಿಎಫ್‌ಸಿ ಬಳಕೆಯ ಸಾಮರ್ಥ್ಯವನ್ನು ಸ್ಥಾಪಿಸಿದ ಘಟಕಗಳು ಅರ್ಹವಲ್ಲ. ೧೯೯೧ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಜಾಗತಿಕ ಪರಿಸರ ನಿಧಿ, ಅಂದರೆ ಜೆಫ್, ಜಗತ್ತಿಗೆಲ್ಲ ಪ್ರಯೋಜನವಾಗುವ ಪಾಲಿನ ಹೆಚ್ಚುವರಿ ವೆಚ್ಚವನ್ನು ಮಾತ್ರ ಕೊಡುತ್ತದೆ. ಹೀಗೆ ನೋಡಿದಾಗ ವಾಲ್ಧುನಿಯ ದುರ್ವಾಸನೆ ಸ್ಥಳೀಯ ಹಾನಿ, ಆದುದರಿಂದ ಅದರ ನಿವಾರಣೆ ಅನರ್ಹ. ೨೦೧೦ರಲ್ಲಿ ಸ್ಥಾಪನೆಗೆ ನಿರ್ಧಾರವಾದ ಹಸಿರು ಹವಾಮಾನ ನಿಧಿಗೆ ಯಾವ ಮಹಾನಗರಪಾಲಿಕೆಯೂ ನೇರವಾಗಿ ಅರ್ಜಿ ಸಲ್ಲಿಸುವಂತಿಲ್ಲ. ಹಣಕಾಸಿನ ಶಿಸ್ತು, ಪರಿಸರ ಮತ್ತು ಸಾಮಾಜಿಕ ರಕ್ಷಣೆ, ಲಿಂಗಸಮಾನತೆಯ ನೀತಿ ಇವುಗಳಲ್ಲಿ ಪರೀಕ್ಷೆಗೊಳಗಾಗಿ ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ಹೋಗಬೇಕು, ಕೇಂದ್ರ ಪರಿಸರ ಸಚಿವಾಲಯದ ನಿರಾಕ್ಷೇಪಣ ಪತ್ರವೂ ಬೇಕು. ನಮ್ಮ ನಬಾರ್ಡ್ ೨೦೧೫ರಲ್ಲಿ ಅಂಥ ಮಾನ್ಯತೆ ಪಡೆಯಿತು. ೨೦೧೮ರಲ್ಲಿ ಆಂಧ್ರ, ಮಹಾರಾಷ್ಟ್ರ, ಒಡಿಶಾ ಕರಾವಳಿಗಳಿಗೆ ಮಂಜೂರಾದ ೪.೩೪ ಕೋಟಿ ಡಾಲರುಗಳ ಅನುದಾನ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ ಬಂದಿತು.

ಸ್ಥಳೀಯ ಸಂಘವೊಂದು ವಿದೇಶೀ ದಾನಿಯಿಂದ ನೇರವಾಗಿ ಹಣ ಪಡೆಯಬೇಕಾದರೆ ೨೦೧೦ರ ವಿದೇಶೀ ವಂತಿಗೆ ನಿಯಂತ್ರಣ ಕಾಯಿದೆಯಡಿ ನೋಂದಣಿ ಬೇಕು. ಸಂಘಕ್ಕೆ ಕನಿಷ್ಠ ಮೂರು ವರ್ಷ ತುಂಬಿರಬೇಕು; ೨೦೨೦ರ ನಿಯಮಗಳಂತೆ ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ತನ್ನ ಮುಖ್ಯ ಕಾರ್ಯಗಳಿಗೆ ೧೫ ಲಕ್ಷ ರೂಪಾಯಿ ವೆಚ್ಚ ಮಾಡಿರಬೇಕು. ಅದೇ ವರ್ಷದ ತಿದ್ದುಪಡಿಯಿಂದ ದೊಡ್ಡ ಸಂಸ್ಥೆ ತಾನು ಪಡೆದ ವಿದೇಶೀ ಹಣವನ್ನು ಸಣ್ಣ ಸಂಸ್ಥೆಗೆ ಹಂಚುವುದೂ ನಿಷಿದ್ಧವಾಯಿತು. ವಿಶ್ವಸಂಸ್ಥೆ, ವಿಶ್ವಬ್ಯಾಂಕುಗಳನ್ನು ಈ ಕಾಯಿದೆ ವಿದೇಶೀ ಮೂಲವೆಂದು ಪರಿಗಣಿಸುವುದಿಲ್ಲ ಎಂಬುದನ್ನು ಸಂಶೋಧಕರು ಗಮನಿಸಬೇಕು. ನದಿದಂಡೆಯ ಒಂದು ಚಿಕ್ಕ ನಿವಾಸಿಗಳ ಸಂಘಕ್ಕೆ ಈ ವಿನಾಯಿತಿ ಉಪಯೋಗಕ್ಕೆ ಬರುವುದು ಅಂಥ ದೊಡ್ಡ ಸಂಸ್ಥೆಗಳ ಯೋಜನೆಯೊಳಗೆ ಅದಕ್ಕೆ ಸ್ಥಾನ ದೊರೆತಾಗ ಮಾತ್ರ.

ಥಾಣೆ ಖಾಡಿಯ ಕಥೆ ಅರ್ಹತೆಯ ಇನ್ನೊಂದು ಮುಖವನ್ನು ತೋರಿಸುತ್ತದೆ. ಕೈಗಾರಿಕೆಯ ಮತ್ತು ವಸತಿಯ ನೀರನ್ನು ದಶಕಗಳಿಂದ ಉಂಡ ಈ ಖಾಡಿಯ ದಡದಲ್ಲಿ ಕಾಂಡ್ಲಾ ಕಾಡು ಬೆಳೆದಿದೆ, ಫ್ಲೆಮಿಂಗೊ ಹಕ್ಕಿಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ೨೦೧೫ರಲ್ಲಿ ಇದರ ಒಂದು ಭಾಗ ಫ್ಲೆಮಿಂಗೊ ಅಭಯಾರಣ್ಯವಾಯಿತು. ನವಿಮುಂಬಯಿಯ ಐರೋಲಿಯಲ್ಲಿ ಜರ್ಮನಿಯ ಜಿಐಝಡ್ ಸಂಸ್ಥೆಯ ಸಹಕಾರದಿಂದ ಕರಾವಳಿ ಜೀವವೈವಿಧ್ಯ ಕೇಂದ್ರ ರೂಪುಗೊಂಡಿತು. ೨೦೨೨ರಲ್ಲಿ ಸುಮಾರು ೬,೫೨೧ ಹೆಕ್ಟೇರು ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಒಪ್ಪಂದದ ಒಂಬತ್ತು ಮಾನದಂಡಗಳಲ್ಲಿ ಒಂದು, ನಿಯತವಾಗಿ ಇಪ್ಪತ್ತು ಸಾವಿರ ಜಲಪಕ್ಷಿಗಳಿಗೆ ಆಸರೆಯಾಗಿರುವುದು. ಪಟ್ಟಿಗೆ ಸೇರುವುದೇ ಹಣವಲ್ಲ. ಆದರೂ ಜಗತ್ತಿನ ಕಣ್ಣಿಗೆ ಬೀಳುವ ಅರ್ಹತೆ ಅದರಿಂದ ಬರುತ್ತದೆ. ಖಾಡಿಗೆ ಆ ಅರ್ಹತೆ ಹಕ್ಕಿಗಳಿಂದ ಬಂದಿತು. ಅದಕ್ಕೆ ನೀರೂಡುವ ನಾಲೆಗಳ ಪಕ್ಕದ ಬಸ್ತಿಗಳನ್ನು ಎಣಿಸುವ ಮಾನದಂಡ ಯಾವ ಪಟ್ಟಿಯಲ್ಲಿಯೂ ಇಷ್ಟು ಖಚಿತವಾಗಿ ಇಲ್ಲ.

೬

ಪ್ರಾಚೀನ ಪದ್ಧತಿಯನ್ನು ಆದರ್ಶವೆಂದು ಎತ್ತಿಹಿಡಿಯುವುದು ನಮ್ಮ ಉದ್ದೇಶವಲ್ಲ. ಶಾಸನಗಳ ಪ್ರತಿಗ್ರಹಿ ಬಹುಮಟ್ಟಿಗೆ ಬ್ರಾಹ್ಮಣ, ಮಠ, ದೇವಾಲಯ ಅಥವಾ ಊರಿನ ಪ್ರಬಲರು. ಕೆರೆಯ ಮಣ್ಣು ಹೊತ್ತವರ ಹೆಸರು ಅಲ್ಲಿ ಅಪರೂಪ. ಪೋರುಮಾಮಿಳ್ಳದ ಶಾಸನ ಸಾವಿರ ಕೂಲಿಗಳು ಎರಡು ವರ್ಷ ದುಡಿದುದನ್ನು ಹೇಳುತ್ತದೆ, ಅವರಲ್ಲಿ ಒಬ್ಬರ ಹೆಸರನ್ನೂ ಹೇಳುವುದಿಲ್ಲ. ಆಚಂದ್ರಾರ್ಕವೆಂದು ಬರೆದ ಎಷ್ಟೋ ದತ್ತಿಗಳು ನಾಲ್ಕೈದು ತಲೆಮಾರುಗಳಲ್ಲಿಯೇ ಒತ್ತುವರಿಯಾದವು. ಶಾಪ ಇತ್ತು, ಅದನ್ನು ಜಾರಿಗೊಳಿಸುವ ಪೀಠ ಇರಲಿಲ್ಲ. ಆಧುನಿಕ ವ್ಯವಸ್ಥೆಯಲ್ಲಿ ಜಾತಿ ಕುಲಗಳ ಆಧಾರದ ಅರ್ಹತೆ ಇಲ್ಲ, ಲೆಕ್ಕಪತ್ರ ಬಹಿರಂಗವಾಗಿದೆ, ನಾಗರಿಕನು ನ್ಯಾಯಪೀಠದ ಮುಂದೆ ನಿಲ್ಲಬಹುದು. ಇವು ಅಲ್ಪ ಸಂಗತಿಗಳಲ್ಲ.

ಆದರೂ ಹಳೆಯ ದತ್ತಿಯಿಂದ ಕಲಿಯಬಹುದಾದ ಅಂಶವೊಂದು ಉಳಿಯುತ್ತದೆ: ಕಾಪಾಡುವ ಏರ್ಪಾಡು ಕಟ್ಟುವ ಪತ್ರದಲ್ಲಿಯೇ ಸೇರಿರಬೇಕು, ಕಾಪಾಡುವವನ ಜೀವನವು ಕಾಪಾಡಿದ ವಸ್ತುವಿನ ಕ್ಷೇಮಕ್ಕೆ ಹೊಂದಿಕೊಂಡಿರಬೇಕು. ಕರ್ನಾಟಕದಲ್ಲಿ ೨೦೦೨ರಲ್ಲಿ ವಿಶ್ವಬ್ಯಾಂಕಿನ ನೆರವು ಪಡೆದು ಜಲಸಂವರ್ಧನ ಯೋಜನಾ ಸಂಘದ ಮೂಲಕ ನಡೆದ ಕೆರೆ ಅಭಿವೃದ್ಧಿ ಯೋಜನೆಯಲ್ಲಿ, ಕೆರೆ ಬಳಕೆದಾರರ ಸಂಘದ ರಚನೆಯನ್ನೂ ಅವರ ವಂತಿಗೆಯನ್ನೂ ಷರತ್ತಾಗಿಸಿದ್ದು ಈ ದಿಕ್ಕಿನ ಪ್ರಯತ್ನವಾಗಿತ್ತು. ಅಲ್ಲಿ ನೀರನ್ನು ಬಳಸುವವನೇ ಸದಸ್ಯ. ಡೊಂಬಿವಲಿಯ ಸ್ಥಾವರದಲ್ಲಿ ನೀರನ್ನು ಕೆಡಿಸುವವನು ಸದಸ್ಯ, ಕೆಟ್ಟ ನೀರನ್ನು ಅನುಭವಿಸುವವನು ಹೊರಗಿನವನು. ಮುಂದೆ ರೂಪುಗೊಳ್ಳುವ ನೆರವಿನ ನಿಯಮಗಳಲ್ಲಿ ಕೆಳಹರಿವಿನ ನಿವಾಸಿಗಳ ಪ್ರತಿನಿಧಿಗೆ ಆಡಳಿತ ಸಮಿತಿಯಲ್ಲಿ ಸ್ಥಾನ, ನಿರ್ವಹಣೆಗೆ ಕರಗದ ಮೂಲನಿಧಿ, ಸಾಲ ತೀರುವವರೆಗಲ್ಲದೆ ಸ್ಥಾವರ ನಡೆಯುವವರೆಗೂ ದೂರುವ ಹಕ್ಕು, ಈ ಮೂರೂ ಅರ್ಹತೆಯ ಅಂಗಗಳಾಗಬೇಕೆಂದು ನಾವು ಭಾವಿಸುತ್ತೇವೆ.

ಹೊರನಾಡಿನ ಕನ್ನಡ ಸಂಶೋಧಕರಿಗೆ ಇಲ್ಲಿ ಕೆಲಸವಿದೆ. ಸಂಸ್ಕರಣ ಘಟಕಗಳ ಸಭಾ ನಡಾವಳಿಗಳು, ಸಮ್ಮತಿಪತ್ರಗಳು, ಪಾಲಿಕೆಗಳ ಠರಾವುಗಳು, ನ್ಯಾಯಪೀಠದ ಪ್ರಮಾಣಪತ್ರಗಳು ಮರಾಠಿ, ಇಂಗ್ಲಿಷ್ ಭಾಷೆಗಳಲ್ಲಿ ಚದುರಿಹೋಗಿವೆ. ಆ ವಸಾಹತುಗಳಲ್ಲಿ ದುಡಿದ, ಅವುಗಳ ಬದಿಯಲ್ಲಿ ಮನೆಮಾಡಿದ ಕನ್ನಡಿಗರ ನೆನಪುಗಳು ಸಂಘಸಂಸ್ಥೆಗಳ ಸ್ಮರಣಸಂಚಿಕೆಗಳಲ್ಲಿಯೂ ಬಾಯಿಮಾತಿನಲ್ಲಿಯೂ ಇವೆ. ತಾಮ್ರಪಟಗಳನ್ನು ಸಂಗ್ರಹಿಸಿ ಸಂಪಾದಿಸಿದ ಶ್ರದ್ಧೆಯಿಂದಲೇ ಇವನ್ನೂ ಸಂಗ್ರಹಿಸಿ, ದಾನಿ, ಪ್ರತಿಗ್ರಹಿ, ಎಲ್ಲೆ, ಷರತ್ತು ಎಂಬ ಕ್ರಮದಲ್ಲಿ ಸೂಚಿಪಟ್ಟಿ ಮಾಡಿದರೆ, ಮುಂದಿನ ಅಧ್ಯಯನಗಳಿಗೆ ಆಧಾರ ದೊರೆಯುತ್ತದೆ. ೧೯೯೦ರ ದಶಕದಲ್ಲಿ ಈ ಸ್ಥಾವರಗಳನ್ನು ಕಟ್ಟಿ ನಡೆಸಿದ ತಲೆಮಾರಿನವರು ಈಗ ವಯೋವೃದ್ಧರಾಗಿರುವುದರಿಂದ ಬಾಯಿಮಾತಿನ ಸಂಗ್ರಹವನ್ನು ಮೊದಲು ಕೈಗೊಳ್ಳುವುದು ಯುಕ್ತ.